ಹಿಮದ ಮೇಲೆ ನೀಲಿ ನೆರಳು

ಪ್ಯಾರಿಸ್‌ನ ಒರ್ಸೇ ವಸ್ತುಸಂಗ್ರಹಾಲಯದಲ್ಲಿ ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ‘ಮ್ಯಾಗ್‌ಪೈ’ ಎಂಬ ತೈಲಚಿತ್ರವಿದೆ. ಹಿಮ ಮುಚ್ಚಿದ ಹೊಲ, ಅಡ್ಡಲಾಗಿ ಒಂದು ತಡಿಕೆ ಬೇಲಿ, ಎಡಗಡೆಗೆ ಮರದ ಉಣುಗೋಲು, ಅದರ ಮೇಲೆ ಕಾಗೆ ಕುಲದ ಒಂದು ಕಪ್ಪು-ಬಿಳಿ ಹಕ್ಕಿ. ಮನುಷ್ಯರು ಯಾರೂ ಇಲ್ಲ. ಸೂರ್ಯ ಬೇಲಿಯ ಆಚೆ ಎಲ್ಲೋ ತಗ್ಗಿನಲ್ಲಿರುವುದರಿಂದ ಬೇಲಿಯ ನೆರಳು ನೋಡುವವರ ಕಡೆಗೇ ಚಾಚಿಕೊಂಡಿದೆ. ಆ ನೆರಳು ನೀಲಿ.

ಅಂದಿನ ಚಿತ್ರಶಾಲೆಗಳಲ್ಲಿ ಕಲಿತವರು ನೆರಳಿಗೆ ಕಂದನ್ನೋ ಕಪ್ಪನ್ನೋ ಬೆರೆಸುತ್ತಿದ್ದರು. ಫ್ರಾನ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್ 1869ರಲ್ಲಿ ಈ ಚಿತ್ರವನ್ನು ತಿರಸ್ಕರಿಸಿತು. ಆದರೆ ಭೌತಶಾಸ್ತ್ರ ಮೊನೆಯ ಪರವಾಗಿದೆ.

ಬೇಲಿಯು ಸೂರ್ಯನನ್ನು ಮರೆಮಾಡುತ್ತದೆ, ಆಕಾಶವನ್ನು ಮರೆಮಾಡುವುದಿಲ್ಲ. ನೆರಳು ಬಿದ್ದ ಹಿಮಕ್ಕೆ ನೇರ ಬಿಸಿಲು ತಪ್ಪಿದರೂ ತಲೆಯ ಮೇಲಿನ ಇಡೀ ಬಾನಿನ ಬೆಳಕು ಸುರಿಯುತ್ತಲೇ ಇರುತ್ತದೆ. ಗಾಳಿಯ ಅಣುಗಳು ಬೆಳಕನ್ನು ಚದುರಿಸುವಾಗ ಕಡಿಮೆ ತರಂಗಾಂತರದ ಬೆಳಕಿನ ಮೇಲೆ ಹೆಚ್ಚು ಪ್ರಭಾವ ಬೀರುತ್ತವೆ: 450 ನ್ಯಾನೊಮೀಟರ್‌ನ ನೀಲಿ ಬೆಳಕು 650 ನ್ಯಾನೊಮೀಟರ್‌ನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದುರುತ್ತದೆ. ಹಿಮದ ಹರಳುಗಳಾದರೋ ತಮ್ಮ ಮೇಲೆ ಬಿದ್ದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುತ್ತವೆ. ನೀಲಿ ಬಿದ್ದಲ್ಲಿ ನೀಲಿ ಕಾಣಲೇಬೇಕು. ನೆರಳೆಂದರೆ ಬೆಳಕು ಇಲ್ಲದ ಜಾಗ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಯಲಿನಲ್ಲಿ ಅದು ಎರಡನೆಯ ದೀಪವೊಂದು ಬೆಳಗುತ್ತಿರುವ ಜಾಗ.

ಚದುರಿಕೆಯ ಈ ನಿಯಮವನ್ನು ಬ್ರಿಟಿಷ್ ಭೌತವಿಜ್ಞಾನಿ ರೇಲಿ ಪ್ರಕಟಿಸಿದ್ದು 1871ರಲ್ಲಿ. ಮೊನೆ ಅದಕ್ಕೂ ಮೊದಲೇ, 1868-69ರ ಚಳಿಗಾಲದಲ್ಲಿ, ನಾರ್ಮಂಡಿ ಕರಾವಳಿಯ ಎತ್ರೆತಾದ ಬಳಿ ಈ ಚಿತ್ರ ಬರೆದಿದ್ದ. ಅವನು ನಿಯಮಕ್ಕೆ ಕಾಯಲಿಲ್ಲ, ಹಿಮದ ಎದುರು ನಿಂತು ನೋಡಿದ. ಆ ನೋಟ ಅಗ್ಗದ್ದೇನೂ ಆಗಿರಲಿಲ್ಲ. ಮೂರು ಕೋಟು ತೊಟ್ಟು, ಕೈಗವಸು ಹಾಕಿಕೊಂಡು, ಕಾಲು ಬೆಚ್ಚಗಿಡುವ ಒಲೆ ಹತ್ತಿರವಿಟ್ಟುಕೊಂಡು, ಮುಖ ಅರ್ಧ ಮರಗಟ್ಟಿದ್ದರೂ ಹಿಮದ ಚಿತ್ರ ಬರೆಯುತ್ತಿದ್ದ ಮೊನೆಯನ್ನು ಕಂಡೆನೆಂದು ಲ ಹಾವ್ರ್‌ನ ಪತ್ರಕರ್ತನೊಬ್ಬ ಅದೇ ಕಾಲದಲ್ಲಿ ಬರೆದಿದ್ದಾನೆ.

ಇಷ್ಟು ಸ್ಪಷ್ಟವಾದ ನೀಲಿ ಉಳಿದವರಿಗೆ ಏಕೆ ಕಾಣಲಿಲ್ಲ? ಕಣ್ಣಿಗೆ ಕಂಡಿತ್ತು, ಮಿದುಳು ಅಳಿಸಿಹಾಕಿತ್ತು. ಬೆಳಗ್ಗೆ, ಮಧ್ಯಾಹ್ನ, ದೀಪದಡಿ, ಎಲ್ಲಿ ನೋಡಿದರೂ ಬಿಳಿ ಬಟ್ಟೆ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಬೆಳಕಿನ ಬಣ್ಣವನ್ನು ಅಂದಾಜಿಸಿ, ಅದನ್ನು ಕಳೆದು, ವಸ್ತುವಿನ ಬಣ್ಣವನ್ನಷ್ಟೇ ಉಳಿಸಿಕೊಡುವ ಈ ಗುಣವನ್ನು ವರ್ಣಸ್ಥಿರತೆ ಎನ್ನುತ್ತಾರೆ. ಮಾಗಿದ ಹಣ್ಣನ್ನು ಸಂಜೆಯಲ್ಲೂ ಗುರುತಿಸಬೇಕಾದ ಜೀವಿಗೆ ಅದು ವರ. ಚಿತ್ರಕಾರನಿಗೆ ಅದೇ ತೊಡಕು. ಮರ, ಮನೆ, ಹೊಲ ಎಂಬುದನ್ನು ಮರೆತು ಇಲ್ಲಿ ನೀಲಿಯ ಚೌಕ, ಅಲ್ಲಿ ಗುಲಾಬಿಯ ತುಂಡು, ಇನ್ನೊಂದು ಕಡೆ ಹಳದಿಯ ಗೆರೆ ಎಂದಷ್ಟೇ ನೋಡಬೇಕೆಂದು ಮೊನೆ ಮುಂದೆ ಅಮೆರಿಕದ ಚಿತ್ರಕಾರ್ತಿ ಲಿಲ್ಲಾ ಕ್ಯಾಬಟ್ ಪೆರ್ರಿಗೆ ಹೇಳಿದ್ದ. ಮಿದುಳು ಮಾಡುವ ಕಳೆಯುವ ಲೆಕ್ಕವನ್ನು ತಡೆಹಿಡಿಯುವ ಉಪಾಯ ಅದು, ಮತ್ತು ನನ್ನ ಮಟ್ಟಿಗೆ, ಮೊನೆ ಹಾಗೂ ಅವನ ಸಂಗಡಿಗರ ಕಲಾಪಂಥವಾದ ಇಂಪ್ರೆಷನಿಸಂನ ತಿರುಳು.

ಚಿತ್ರದಲ್ಲಿ ಬಿಸಿಲು ಬಿದ್ದ ಹಿಮವೂ ಶುದ್ಧ ಬಿಳಿಯಲ್ಲ, ಕೆನೆಬಣ್ಣದ್ದು. ಎತ್ರೆತಾದಲ್ಲಿ ಡಿಸೆಂಬರ್ ಕೊನೆಯ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಸುಮಾರು 17 ಡಿಗ್ರಿಯಷ್ಟೇ ಮೇಲೇರುತ್ತಾನೆ. ನೆತ್ತಿಯ ಮೇಲಿನ ಸೂರ್ಯನ ಬೆಳಕಿಗೆ ಹೋಲಿಸಿದರೆ ಮೂರು ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಿ ಬರುವ ಆ ಬಿಸಿಲು ದಾರಿಯಲ್ಲೇ ನೀಲಿಯನ್ನು ಕಳೆದುಕೊಂಡು ಹಳದಿಗೆ ವಾಲುತ್ತದೆ. ಈ ಹಳದಿಯ ಪಕ್ಕದಲ್ಲಿ ನೀಲಿ ಇನ್ನಷ್ಟು ನೀಲಿಯಾಗುತ್ತದೆ. ಪ್ಯಾರಿಸ್‌ನ ಗೊಬ್ಲೆಂ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನವಿಜ್ಞಾನಿ ಶೆವ್ರಲ್ 1839ರಲ್ಲೇ ಇದನ್ನು ವಿವರಿಸಿದ್ದ. ನೇಯ್ಗೆಯಲ್ಲಿ ಕಪ್ಪು ಸಪ್ಪೆಯಾಗಿ ಕಾಣುತ್ತದೆಂಬ ದೂರು ಅವನಿಗೆ ಬಂದಿತ್ತು. ಬಣ್ಣದಲ್ಲಿ ದೋಷವಿರಲಿಲ್ಲ; ನೆರೆಯಲ್ಲಿದ್ದ ನೀಲಿ, ನೇರಳೆ ಎಳೆಗಳು ಅದನ್ನು ಹಾಗೆ ಕಾಣಿಸುತ್ತಿದ್ದವು.

ಚಿತ್ರದ ಚಳಿ ಮೈಗೆ ತಟ್ಟುವುದು ಈ ಲೆಕ್ಕಾಚಾರದ ನಿಖರತೆಯಿಂದ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನೆರಳುಗಳು ನೀಲಿಯಷ್ಟೇ ಅಲ್ಲ, ತಿಳಿಯಾಗಿಯೂ ಇವೆ. ಹೊಸ ಹಿಮ ಬಿದ್ದ ಬೆಳಕಿನ ಶೇಕಡ 80ರಿಂದ 90ರಷ್ಟನ್ನು ಹಿಂದಿರುಗಿಸುವುದರಿಂದ ಅದರ ಮೇಲೆ ದಟ್ಟ ನೆರಳು ಉಳಿಯದು. ಇಡೀ ದೃಶ್ಯ ಒಳಗಿಂದ ಹೊಳೆಯುವಂತಿರುವಾಗ ನಿಜವಾಗಿ ಕಪ್ಪಾಗಿರುವುದು ಆ ಹಕ್ಕಿಯ ಮೈ. ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ, ಅದರ ಒಂಟಿತನ ಅರಿವಾಗುತ್ತದೆ. ಕಂದು ನೆರಳು ಹಾಕಿದ್ದರೆ ಹಕ್ಕಿ ಬೇಲಿಯೊಳಗೆ ಕರಗಿಹೋಗುತ್ತಿತ್ತು.

ಟೀಕೆ ಬೇಗ ನಿಲ್ಲಲಿಲ್ಲ. ಇಂಪ್ರೆಷನಿಸ್ಟರ ನೀಲಿಯನ್ನು ಕಣ್ಣಿನ ಕಾಯಿಲೆಯೆಂದು ಕರೆದ ವಿಮರ್ಶಕರೂ ಇದ್ದರು.

ಹಿಮ ಬೀಳದ ನಮ್ಮೂರಿನಲ್ಲೂ ಇದನ್ನು ಪರೀಕ್ಷಿಸಬಹುದು. ತಿಳಿ ಆಕಾಶವಿರುವ ದಿನ ಬಿಳಿ ಹಾಳೆಯೊಂದನ್ನು ತಾರಸಿಯ ಮೇಲೆ ಹರಡಿ, ಅದರ ಅರ್ಧಕ್ಕೆ ಮಾತ್ರ ನೆರಳು ಬೀಳುವಂತೆ ಮಾಡಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಅದೂ ಮಿದುಳಿನಂತೆ ಬಣ್ಣವನ್ನು ತಿದ್ದಿಬಿಡಬಹುದು. ‘ಬಿಸಿಲು’ ಎಂಬ ಆಯ್ಕೆಗೆ ಬದಲಾಯಿಸಿ ಫೋಟೊ ತೆಗೆಯಿರಿ. ಸುತ್ತ ಬಣ್ಣದ ಗೋಡೆಗಳಿಲ್ಲದಿದ್ದರೆ, ನೆರಳಿನ ಅರ್ಧ ನಸುನೀಲಿಯಾಗಿ ಬರುತ್ತದೆ.