ಹೊಳೆ ಏರಿದಾಗ ಯಾವ ರೇಡಿಯೋ ಕೆಲಸಕ್ಕೆ ಬರುತ್ತದೆ?

ಕೊಯ್ನಾ ಕಡೆ ಮಳೆ ಹಿಡಿಯಿತೆಂದರೆ ಬೆಳಗಾವಿಯ ನನ್ನ ದುರಸ್ತಿ ಅಂಗಡಿಗೆ ಹೊಳೆಸಾಲಿನ ಗಿರಾಕಿಗಳು ಬರತೊಡಗುತ್ತಾರೆ. ಕುಡಚಿ, ಅಥಣಿ, ಯಡೂರು, ಗೋಕಾಕ, ಮುಧೋಳದ ಕಡೆಯವರು. ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಸಾಹೇಬರೇ, ಪೊಲೀಸರ, ಅಗ್ನಿಶಾಮಕದವರ ವೈರ್‌ಲೆಸ್ ಮಾತು ಸಿಗುವಂಥ ರೇಡಿಯೋ ಯಾವುದು ಒಳ್ಳೆಯದು?" ಜೊತೆಗೆ ಮೊಬೈಲ್ ತೆರೆದು ಒಂದು ವಿಡಿಯೋ ತೋರಿಸುತ್ತಾರೆ. ಅದರಲ್ಲಿ ಅಮೆರಿಕದವನೊಬ್ಬ ಯುನಿಡೆನ್ ಸ್ಕ್ಯಾನರ್ (ವೈರ್‌ಲೆಸ್ ಚಾನೆಲ್‌ಗಳನ್ನು ಹುಡುಕಿ ಕೇಳಿಸುವ ರೇಡಿಯೋ) ಹಿಡಿದು ತನ್ನ ಊರಿನ ಪೊಲೀಸರ ಸಂಭಾಷಣೆ ಕೇಳಿಸುತ್ತಿರುತ್ತಾನೆ.

ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ್ದನ್ನು ಕಂಡವರು ಅವರು. ಕರೆಂಟ್ ಹೋದರೆ ಮೊಬೈಲ್ ಟವರ್ ತನ್ನ ಬ್ಯಾಟರಿಯ ಮೇಲೆ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಜನರೇಟರ್. ರಸ್ತೆ ಮುಳುಗಿ ಡೀಸೆಲ್ ತಲುಪದಿದ್ದರೆ ಅದೂ ನಿಲ್ಲುತ್ತದೆ. ಆಗ ಮನುಷ್ಯನಿಗೆ ಬೇಕಾಗುವುದು ಸುದ್ದಿ. ಆ ಸುದ್ದಿಯನ್ನು ಪೊಲೀಸರ ಚಾನೆಲ್‌ನಲ್ಲಿ ಹುಡುಕುವುದು ಮಾತ್ರ ನಮ್ಮ ದೇಶದಲ್ಲಿ ನಡೆಯುವ ಕೆಲಸವಲ್ಲ.

ಕಾನೂನು ಮೊದಲು ಹೇಳಿಬಿಡುತ್ತೇನೆ. ವೈರ್‌ಲೆಸ್ ಉಪಕರಣವನ್ನು ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕು ಎಂದು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಹೇಳಿತು. ಬಳಸುವುದು ಆಮೇಲಿನ ಪ್ರಶ್ನೆ. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಮು 2024ರ ಜೂನ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಂದೇಶವನ್ನು ಅಕ್ರಮವಾಗಿ ಕದ್ದಾಲಿಸಿದರೆ ಮೂರು ವರ್ಷದವರೆಗೆ ಸಜೆ, ಇಲ್ಲವೆ ಎರಡು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. "ನಾನು ಬರೀ ಕೇಳುತ್ತೇನೆ, ಮಾತಾಡುವುದಿಲ್ಲ" ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿ ಸ್ಕ್ಯಾನರ್ ಅಂಗಡಿಯಲ್ಲಿ ಸಿಗುವ ವಸ್ತು. ಮನೆಯಲ್ಲಿ ಕೂತು ಕೇಳುವುದಕ್ಕೆ ಬಹುತೇಕ ರಾಜ್ಯಗಳಲ್ಲಿ ತಡೆಯಿಲ್ಲ. ಆದರೆ ಅಲ್ಲಿಯೂ ಆ ಬಾಗಿಲು ಮುಚ್ಚುತ್ತಿದೆ. ನ್ಯೂಯಾರ್ಕ್ ನಗರದ ಪೊಲೀಸರು 2023ರಿಂದ ತಮ್ಮ ಚಾನೆಲ್‌ಗಳನ್ನು ಒಂದೊಂದಾಗಿ ಗೂಢಲಿಪಿಗೆ ಬದಲಾಯಿಸತೊಡಗಿದರು. ಡಿಜಿಟಲ್ ವ್ಯವಸ್ಥೆಯಲ್ಲಿ ಕೀಲಿ ಇಲ್ಲದವನಿಗೆ ಲಕ್ಷ ರೂಪಾಯಿಯ ಸೆಟ್‌ನಲ್ಲಿ ಕೇಳಿಸುವುದೂ ಬರೀ ಗರಗರ.

ಇನ್ನೊಂದು ವಿಷಯವನ್ನು ಯಾರೂ ಯೋಚಿಸುವುದಿಲ್ಲ. ವೈರ್‌ಲೆಸ್ ಮಾತು ತುಂಡು ತುಂಡಾಗಿರುತ್ತದೆ, ಸಂಕೇತಗಳಲ್ಲಿರುತ್ತದೆ, ಪೂರ್ವಾಪರ ಗೊತ್ತಿರುವವರಿಗಾಗಿ ಆಡಿದ್ದಾಗಿರುತ್ತದೆ. "ಸೇತುವೆ ಬಂದ್" ಎಂಬ ಎರಡು ಪದ ಕೇಳಿದವನು ಅದು ಲೋಳಸೂರಿನ ಸೇತುವೆಯೋ ಕುಡಚಿಯದೋ ತಿಳಿಯದೆ ವಾಟ್ಸ್‌ಆ್ಯಪ್‌ಗೆ ಹಾಕುತ್ತಾನೆ. ಅಣೆಕಟ್ಟು ಒಡೆಯಿತು ಎಂಬ ಗಾಳಿಸುದ್ದಿ ಹುಟ್ಟುವುದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಡ. ಹೊಳೆಸಾಲಿನವನಿಗೆ ಬೇಕಾದ ಅಂಕಿ ಕೊಯ್ನಾದಿಂದ, ರಾಜಾಪುರ ಬ್ಯಾರೇಜಿನಿಂದ, ಹಿಡಕಲ್‌ನಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂಬುದು. ಅದು ಗುಟ್ಟಲ್ಲ. ಜಿಲ್ಲಾಡಳಿತವೇ ಪ್ರಕಟಿಸುತ್ತದೆ, ಆಕಾಶವಾಣಿ ಓದುತ್ತದೆ.

ಹಾಗಾಗಿ ನಾನು ಕೊಡಿಸುವುದು ಸಾದಾ ರೇಡಿಯೋ. ಗಿರಾಕಿಯ ಮುಖ ಸಣ್ಣದಾಗುತ್ತದೆ, ಗೊತ್ತು. ಆದರೆ ಸಾದಾ ರೇಡಿಯೋ ಆರಿಸುವುದರಲ್ಲೂ ಕಸುಬು ಇದೆ.

ಮೀಡಿಯಂ ವೇವ್ ಇಲ್ಲದ ಸೆಟ್ ಬೇಡವೇ ಬೇಡ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಜ್‌ನಲ್ಲಿದೆ. ಈ ತರಂಗ ನೆಲಕ್ಕೆ ಅಂಟಿಕೊಂಡು ಸಾಗುವುದರಿಂದ ಗುಡ್ಡದ ಮರೆ, ತಗ್ಗು ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಎಫ್‌ಎಂ ನೇರ ದೃಷ್ಟಿಯ ತರಂಗ. ಧ್ವನಿ ಸೊಗಸು, ಆದರೆ ದೂರ ಹೋದಂತೆ, ತಗ್ಗಿಗೆ ಇಳಿದಂತೆ ಸೊರಗುತ್ತದೆ. ಬೆಳಗಾವಿ ಪಟ್ಟಣದಲ್ಲಿರುವವರಿಗೆ ಕೆಎಲ್‌ಇ ಸಂಸ್ಥೆಯ ಸಮುದಾಯ ಬಾನುಲಿ ವೇಣುಧ್ವನಿ 90.4 ಚೆನ್ನಾಗಿ ಸಿಗುತ್ತದೆ. ಸಮುದಾಯ ಬಾನುಲಿಯ ಶಕ್ತಿಯೇ ಕಡಿಮೆ, ಅದನ್ನು ನಂಬಿಕೊಂಡು ಅಥಣಿಯಲ್ಲಿ ಕೂರುವಂತಿಲ್ಲ.

ಸೆಟ್ಟನ್ನು ಪರೀಕ್ಷಿಸುವುದು ಮಟಮಟ ಮಧ್ಯಾಹ್ನ, ರಾತ್ರಿಯಲ್ಲ. ರಾತ್ರಿ ಮೀಡಿಯಂ ವೇವ್ ಮೇಲಿನ ವಾಯುಪದರಕ್ಕೆ ತಾಗಿ ಮರಳುತ್ತದೆ, ಕಳಪೆ ಸೆಟ್‌ನಲ್ಲೂ ದೂರದೂರದ ಕೇಂದ್ರಗಳು ಕೇಳಿಸಿ ಮೋಸಹೋಗುತ್ತೀರಿ. ಹಗಲಿನಲ್ಲಿ ಧಾರವಾಡಕ್ಕೆ ಹಚ್ಚಿ, ರೇಡಿಯೋವನ್ನು ಮೇಜಿನ ಮೇಲೆ ಮೆಲ್ಲಗೆ ಸುತ್ತು ತಿರುಗಿಸಿ. ಒಂದು ದಿಕ್ಕಿನಲ್ಲಿ ಧ್ವನಿ ಏರಬೇಕು, ಒಂದು ದಿಕ್ಕಿನಲ್ಲಿ ಪೂರ್ತಿ ಕುಗ್ಗಬೇಕು. ಒಳಗಿರುವ ಫೆರೈಟ್ ಸರಳಿನ ಆಂಟೆನಾ ಸರಿಯಿದೆ ಎಂಬುದಕ್ಕೆ ಅದೇ ಗುರುತು. ಮೇಲಿನ ಉದ್ದ ಕಡ್ಡಿ ಎಫ್‌ಎಂ, ಶಾರ್ಟ್‌ವೇವ್‌ಗಳಿಗೆ. ಮೀಡಿಯಂ ವೇವ್ ಸಿಗಲಿಲ್ಲವೆಂದು ಅದನ್ನು ಎಳೆಯುತ್ತ ಕೂರುವವರನ್ನು ನೋಡಿ ನನಗೆ ನಗು ಬರುತ್ತದೆ. ಎಲ್‌ಇಡಿ ಬಲ್ಬು, ಇನ್ವರ್ಟರ್ ಹತ್ತಿರ ಇಟ್ಟರೆ ಕರಕರ ಸದ್ದು ಬರುತ್ತದೆ. ಕರೆಂಟ್ ಹೋದ ಮೇಲೆ ಊರಲ್ಲಿ ರೇಡಿಯೋ ಇನ್ನೂ ಚೆನ್ನಾಗಿ ಕೇಳಿಸುವುದು ಅದಕ್ಕೇ.

ಎರಡನೆಯದು ಬ್ಯಾಟರಿ. ಮೊದಲನೆಯದು ಎಂದೇ ಹೇಳಬೇಕಿತ್ತೇನೋ. ಅಗ್ಗದ ಸೆಟ್‌ಗಳಲ್ಲಿ ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ಇರುತ್ತದೆ. ಚಾರ್ಜ್ ಮುಗಿದು ಕರೆಂಟ್ ಇಲ್ಲದಿದ್ದರೆ ಅದು ಆಟಿಕೆ. ಸೆಲ್ ಹಾಕುವ ಸೆಟ್ ಕೊಳ್ಳಿ, ಅದರಲ್ಲೂ ದೊಡ್ಡ ಸೆಲ್‌ನದು. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಸದ್ದು ಸಣ್ಣಗಿಟ್ಟರೆ ದಿನಗಟ್ಟಲೆ ಬಾಳುತ್ತದೆ. ಕೈಯಿಂದ ತಿರುಗಿಸುವ ಹಿಡಿಕೆ, ಸೌರಫಲಕ, ಟಾರ್ಚು, ಸೈರನ್ ಎಲ್ಲ ಒಂದರಲ್ಲೇ ಇರುವ 'ತುರ್ತು ರೇಡಿಯೋ'ಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ನನ್ನ ಮೇಜಿಗೆ ಬರುವ ಅಂಥವುಗಳಲ್ಲಿ ಹಿಡಿಕೆಯ ಪ್ಲಾಸ್ಟಿಕ್ ಹಲ್ಲು ಸವೆದಿರುತ್ತದೆ, ಒಳಗಿನ ಪುಟ್ಟ ಬ್ಯಾಟರಿ ಸತ್ತಿರುತ್ತದೆ.

ಇವುಗಳ ಮೇಲೆ 'ಡಬ್ಲ್ಯೂಬಿ' ಎಂದು ಬರೆದಿರುತ್ತದೆ. ಹವಾಮಾನ ಮುನ್ನೆಚ್ಚರಿಕೆಯ ಬ್ಯಾಂಡ್ ಅದು: 162.400ರಿಂದ 162.550 ಮೆಗಾಹರ್ಟ್ಜ್. ಅಮೆರಿಕ, ಕೆನಡಾದವರಿಗಾಗಿ ನಡೆಯುವ ಪ್ರಸಾರ. ಇಲ್ಲಿ ಆ ಗುಂಡಿ ಒತ್ತಿದರೆ ಏನೂ ಬರುವುದಿಲ್ಲ. ಹಳೆಯ ಬಹುಬ್ಯಾಂಡ್ ಸೆಟ್‌ಗಳ ಮೇಲಿನ 'ಪಿಬಿ', ಅಂದರೆ ಪೊಲೀಸ್ ಬ್ಯಾಂಡ್ ಎಂಬ ಅಕ್ಷರಗಳನ್ನು ನೋಡಿ ಹೆಚ್ಚಿಗೆ ದುಡ್ಡು ಕೊಡುವವರೂ ಇದ್ದಾರೆ. ಬೇಡ.

ಜೇಬಿನ ಮೊಬೈಲನ್ನೂ ಒಮ್ಮೆ ನೋಡಿಕೊಳ್ಳಿ. ಅದರಲ್ಲಿ ಎಫ್‌ಎಂ ಇದ್ದರೆ ತಂತಿಯ ಇಯರ್‌ಫೋನ್ ಒಂದನ್ನು ತೆಗೆದಿಡಿ. ಆ ತಂತಿಯೇ ಆಂಟೆನಾ. ಫೋನ್‌ಗಳಿಂದ ಎಫ್‌ಎಂ ತೆಗೆಯಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸೂಚಿಸಿದೆ. ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆಗಳನ್ನು ಚಾಲೂ ಇಡಿ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನ್‌ಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿರಬಹುದು. ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ ಅದು. ಟವರ್ ತನ್ನ ವ್ಯಾಪ್ತಿಯ ಎಲ್ಲ ಫೋನ್‌ಗಳಿಗೂ ಒಟ್ಟಿಗೆ ಕೂಗಿ ಹೇಳುವುದರಿಂದ, ಕರೆ ಹೋಗದಷ್ಟು ದಟ್ಟಣೆ ಇದ್ದಾಗಲೂ ಅದು ತಲುಪುತ್ತದೆ.

ಆಮೇಲೆ ವಾಕಿಟಾಕಿ. ಆನ್‌ಲೈನ್‌ನಲ್ಲಿ ಬಾವೊಫೆಂಗ್ ಯುವಿ-5ಆರ್ ತರಿಸಿ ನನ್ನ ಬಳಿ ಫ್ರೀಕ್ವೆನ್ಸಿ ಹಾಕಿಸಲು ತರುತ್ತಾರೆ. ನಾನು ಹಾಕಿಕೊಡುವುದಿಲ್ಲ. ಅದು 136ರಿಂದ 174 ಮೆಗಾಹರ್ಟ್ಜ್‌ವರೆಗೆ ಕೇಳುವುದಷ್ಟೇ ಅಲ್ಲ, ಪ್ರಸಾರವನ್ನೂ ಮಾಡುತ್ತದೆ. ಮಗು ಗುಂಡಿ ಒತ್ತಿ ಹಿಡಿದರೆ ದೋಣಿಯಲ್ಲಿರುವ ರಕ್ಷಣಾ ತಂಡದ ಚಾನೆಲ್ ಮುಚ್ಚಿಹೋದೀತು. ಇಂಥ ಸೆಟ್‌ಗಳನ್ನು ಫ್ರೀಕ್ವೆನ್ಸಿ, ಪರವಾನಗಿಯ ವಿವರ ಹೇಳದೆ ಮಾರುತ್ತಿದ್ದ ಆನ್‌ಲೈನ್ ತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸ್ ಕೊಟ್ಟಿತು.

ಪರವಾನಗಿ ಬೇಡದ ವಾಕಿಟಾಕಿಯೂ ಇದೆ: 446.0ರಿಂದ 446.2 ಮೆಗಾಹರ್ಟ್ಜ್, ಅರ್ಧ ವ್ಯಾಟ್. 2018ರ ನಿಯಮ ಅದಕ್ಕೆ ವಿನಾಯಿತಿ ಕೊಟ್ಟಿದೆ. ಸೆಟ್‌ಗೆ ಸಲಕರಣೆ ಅನುಮೋದನೆಯ ಪ್ರಮಾಣಪತ್ರ ಇದೆಯೇ ಎಂದು ಮಾತ್ರ ನೋಡಬೇಕು. ಡಬ್ಬಿಯ ಮೇಲೆ ಹತ್ತು ಕಿಲೋಮೀಟರ್ ಎಂದಿದ್ದರೆ ಅದು ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ. ನಮ್ಮಲ್ಲಿ ಆಗಸ್ಟ್ ಹೊತ್ತಿಗೆ ಕಬ್ಬು ಆಳೆತ್ತರಕ್ಕಿಂತ ಮೇಲಿರುತ್ತದೆ, ಮಳೆಯಲ್ಲಿ ತೊಯ್ದಿರುತ್ತದೆ. ಒದ್ದೆ ಎಲೆ ಈ ಫ್ರೀಕ್ವೆನ್ಸಿಯನ್ನು ಚೆನ್ನಾಗಿ ಹೀರುತ್ತದೆ. ತೋಟದ ಮನೆಯಿಂದ ಊರಿಗೆ ಮಾತಾಡಬೇಕಾದವರು ಮಾಳಿಗೆ ಏರಿ ನಿಂತು ಮೊದಲೇ ಪ್ರಯೋಗ ಮಾಡಿ ನೋಡಲಿ.

ನಿಜಕ್ಕೂ ಈ ವಿದ್ಯೆಯ ಹುಚ್ಚಿರುವ ಹುಡುಗರಿಗೆ ನಾನು ಹೇಳುವುದು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರವಾನಗಿ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬೇಕಿಲ್ಲ. ರೇಡಿಯೋದ ಮೂಲತತ್ವ ಮತ್ತು ನಿಯಮಗಳು ಗೊತ್ತಿದ್ದರೆ ಸಾಕು. ಅರ್ಜಿ ಹಾಕುವುದು ಕೇಂದ್ರದ ಸರಳ ಸಂಚಾರ ಪೋರ್ಟಲ್‌ನಲ್ಲಿ. ಆಗ 144ರಿಂದ 146 ಮೆಗಾಹರ್ಟ್ಜ್‌ನಲ್ಲಿ ಅಧಿಕೃತವಾಗಿ ಕೇಳಬಹುದು, ಮಾತಾಡಲೂಬಹುದು. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಅಂಡಮಾನಿನಲ್ಲಿ ಹವ್ಯಾಸಿ ರೇಡಿಯೋ ಶಿಬಿರ ಹೂಡಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪೋರ್ಟ್ ಬ್ಲೇರ್‌ನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು. ಕದ್ದು ಕೇಳುವವನ ಸುಳಿವು ಆಡಳಿತಕ್ಕೆ ಇರುವುದಿಲ್ಲ, ಪರವಾನಗಿ ಉಳ್ಳವನನ್ನು ಜಿಲ್ಲಾಧಿಕಾರಿ ಕಚೇರಿ ಕರೆದು ಕೂರಿಸಿಕೊಳ್ಳಬಹುದು. ಈ ಎರಡರ ಅಂತರ ನಮ್ಮ ಹುಡುಗರಿಗೆ ತಿಳಿದಿಲ್ಲ.

ರೇಡಿಯೋ ಕೊಂಡಮೇಲೆ ಸೆಲ್‌ಗಳನ್ನು ಸೆಟ್ ಒಳಗೇ ಬಿಟ್ಟು ಕಪಾಟಿನಲ್ಲಿಡಬೇಡಿ. ಒಂದು ವರ್ಷದಲ್ಲಿ ಸೋರಿ ಸ್ಪ್ರಿಂಗನ್ನು ತಿಂದುಹಾಕುತ್ತವೆ. ಹೊಳೆ ಏರಿದ ದಿನ ಗುಂಡಿ ತಿರುಗಿಸಿದರೆ ಸೆಟ್ ಮಾತಾಡುವುದಿಲ್ಲ. ಸೆಲ್ ಬೇರೆ, ಸೆಟ್ ಬೇರೆ, ಎರಡೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿರಲಿ. ಚೀಲದ ಮೇಲೆ ಪೆನ್ನಿನಿಂದ 765 ಎಂದು ಬರೆದಿಡಿ. ಆ ಹೊತ್ತಿನಲ್ಲಿ ಮನೆಯಲ್ಲಿ ಅಜ್ಜಿಯೊಬ್ಬರೇ ಇದ್ದರೂ ಮುಳ್ಳನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯಬೇಕು.