ರೇಷ್ಮೆ ವರ್ತಕನ ನಿಂಬೆ ಸಂಸಾರ

ಮಾದಲ ಹಣ್ಣೊಂದು ಆಕಾಶದಲ್ಲಿ ತೂಗುತ್ತಿದೆ. ಕೆಳಗಿನ ಬಂಗಲೆಗಿಂತ ಅದೇ ದೊಡ್ಡದು. ಬಂಗಲೆಯ ಸುತ್ತ ಬರೋಕ್ ಶೈಲಿಯ ತೋಟ: ನೂಲು ಹಿಡಿದು ಗೆರೆ ಎಳೆದ ಪಾತಿಗಳು, ಕತ್ತರಿಯ ಶಿಸ್ತಿಗೆ ಒಳಪಟ್ಟ ಪೊದೆಗಳು, ಕಾರಂಜಿಗಳು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 1708ರಲ್ಲಿ ಹೊರಬಂದ ‘ನ್ಯೂರೆಂಬರ್ಗಿಷೆ ಹೆಸ್ಪೆರಿಡೆಸ್’ ಎಂಬ ಗ್ರಂಥದ ತುಂಬ ಇಂಥ ತಾಮ್ರಫಲಕದ ಚಿತ್ರಗಳಿವೆ. ಅದನ್ನು ಹೊರತಂದ ಯೋಹಾನ್ ಕ್ರಿಸ್ಟೋಫ್ ಫೋಲ್ಕಾಮರ್ (1644–1720) ರೇಷ್ಮೆಯಲ್ಲಿ ಹಣ ಮಾಡಿದ ವರ್ತಕ. ಒಂದು ಸಂಪುಟಕ್ಕೆ ತೃಪ್ತಿಯಾಗದೆ 1714ರಲ್ಲಿ ಎರಡನೆಯದನ್ನೂ ತಂದ.

ನಿಂಬೆ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಸ್ಸಾಮಿನಿಂದ ಯುನ್ನಾನ್‌ವರೆಗಿನ ಸೀಮೆ. ನ್ಯೂರೆಂಬರ್ಗಿನ ಹಿಮದಲ್ಲಿ ಅದನ್ನು ಹೊರಗೆ ಬಿಟ್ಟರೆ ಗಿಡ ಉಳಿಯದು. ಆದ್ದರಿಂದ ಗಿಡಗಳೆಲ್ಲ ಮರದ ತೊಟ್ಟಿಗಳಲ್ಲಿ; ಬೇಸಿಗೆಗೆ ಅಂಗಳಕ್ಕೆ, ಚಳಿಗೆ ಒಲೆ ಉರಿಯುವ ಮನೆಯೊಳಕ್ಕೆ. ಸಿರಿವಂತರ ಶೋಕಿ ಎಂದು ಮೂಗು ಮುರಿಯುವವರು ಮುರಿಯಲಿ. ಒಂದೊಂದು ಹಣ್ಣಿನ ಸಿಪ್ಪೆಯ ಗಂಟು, ತೊಟ್ಟಿನ ತಿರುವು, ತೊಳೆಗಳ ಜೋಡಣೆಯನ್ನು ಹೆಸರಿನೊಂದಿಗೆ ಇಷ್ಟು ನಿಖರವಾಗಿ ಬರೆಸಿಟ್ಟವರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ.

ಫೋಲ್ಕಾಮರ್‌ಗೆ ತಿಳಿಯುವ ದಾರಿಯೇ ಇಲ್ಲದಿದ್ದ ಸಂಗತಿಯೊಂದಿದೆ. ಪುಟಗಟ್ಟಲೆ ಹರಡಿದ ಆ ವೈವಿಧ್ಯದ ಬಹುಪಾಲು, ಮಾದಲ, ಚಕ್ಕೋತ, ಸಡಿಲ ಸಿಪ್ಪೆಯ ಕಿತ್ತಳೆ (ಮ್ಯಾಂಡರಿನ್) ಎಂಬ ಮೂರು ಪೂರ್ವಜರ ಬೆರಕೆ. ಚಕ್ಕೋತ ಮತ್ತು ಕಿತ್ತಳೆ ಕೂಡಿ ಹುಳಿ ಕಿತ್ತಳೆ. ಅದಕ್ಕೆ ಮಾದಲ ಸೇರಿ ಯುರೋಪಿನ ಹಳದಿ ಲೆಮನ್. ಆ ಲೆಮನ್ ಮತ್ತೆ ಹುಳಿ ಕಿತ್ತಳೆಯೊಡನೆ ಕೂಡಿ ಬರ್ಗಮಾಟ್. ನಮ್ಮ ಅಡುಗೆಮನೆಯ ನಿಂಬೆಯ ತಂದೆಯೂ ಮಾದಲವೇ, ತಾಯಿ ಮಾತ್ರ ‘ಮೈಕ್ರಾಂತ’ ಎಂಬ ಕಾಡುಜಾತಿ. ಗಿಡಗಳ ಪೂರ್ತಿ ಡಿಎನ್ಎ ಬರಹವನ್ನು, ಅಂದರೆ ಜೀನೋಮನ್ನು, ಓದಿದ ಮೇಲೆ ಈ ವಂಶಾವಳಿ ಗಟ್ಟಿಯಾಯಿತು.

ಒಮ್ಮೆ ಆಕಸ್ಮಿಕವಾಗಿ ಹುಟ್ಟಿದ ಬೆರಕೆ ಮುಂದಿನ ತಲೆಮಾರಿನಲ್ಲಿ ಚದುರಿಹೋಗಬೇಕಿತ್ತಲ್ಲ? ಶತಮಾನಗಟ್ಟಲೆ ಅದು ಹಾಗೆಯೇ ಉಳಿದದ್ದು ಹೇಗೆ? ಕಸಿ ಒಂದು ಕಾರಣ. ನನಗೆ ಹೆಚ್ಚು ಪ್ರಿಯವಾದ ಕಾರಣ ಬೀಜದೊಳಗಿದೆ. ಫೋಲ್ಕಾಮರ್ ಸಾಯುವ ಹಿಂದಿನ ವರ್ಷ, 1719ರಲ್ಲಿ, ನೆದರ್ಲೆಂಡ್ಸಿನ ಡೆಲ್ಫ್ಟ್ ಪಟ್ಟಣದ ಸೂಕ್ಷ್ಮದರ್ಶಕ ನಿಪುಣ ಲೇವನ್‌ಹುಕ್ ತನ್ನ ಮಸೂರದಡಿ ಕಿತ್ತಳೆ ಬೀಜವೊಂದರಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಕಂಡ. ಅವನೂ ಬಟ್ಟೆ ವ್ಯಾಪಾರದಿಂದ ಬಂದವನೇ. ಅವು ಎಲ್ಲಿಂದ ಬಂದವೆಂದು 1878ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಸ್ಟ್ರಾಸ್‌ಬುರ್ಗರ್ ವಿವರಿಸಿದ. ಪರಾಗ ಸೇರಿ ಹುಟ್ಟುವ ಭ್ರೂಣ ಒಂದೇ. ಅದರ ಸುತ್ತ ಇರುವ ತಾಯಿಯ ಅಂಗಾಂಶದ ಕೆಲವು ಕೋಶಗಳು, ಗಂಡಿನ ಪಾಲು ಎಳ್ಳಷ್ಟೂ ಇಲ್ಲದೆ, ತಾವೇ ಭ್ರೂಣಗಳಾಗಿ ಬೆಳೆದು ಅದೇ ಕೋಣೆಗೆ ನುಗ್ಗುತ್ತವೆ. ಹೆತ್ತ ಕೂಸಿನ ಬಟ್ಟಲ ಹಾಲಿಗೆ ತಾಯಿಯ ಪ್ರತಿರೂಪಗಳೇ ಕೈಚಾಚಿದಂತೆ. ಎಷ್ಟೋ ಸಲ ನಿಜವಾದ ಕೂಸು ಸೋಲುತ್ತದೆ; ಮೊಳೆಯುವ ಸಸಿಗಳು ತಾಯಿಯ ತದ್ರೂಪುಗಳು. 2017ರಲ್ಲಿ ಚೀನಾದ ವಿಜ್ಞಾನಿಗಳು ಇದರ ಕೀಲಿಯನ್ನು ಒಂದು ಜೀನಿನಲ್ಲಿ ಗುರುತಿಸಿದರು. ಅದರ ನಿಯಂತ್ರಕ ಭಾಗಕ್ಕೆ ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್ಎಯ ತುಣುಕೊಂದು ಬಂದು ಕೂತಿದೆ. ಕಿತ್ತಳೆಯ ಕಡೆಯಿಂದ ಬಂದ ಈ ಗುಣ ಹಲವು ಬೆರಕೆಗಳಿಗೂ ಹರಿಯಿತು.

ಬೀಜದ ಗಿಡ ತಾಯಿಯನ್ನು ಹೋಲುವುದೇ ಇಲ್ಲ ಎಂದು ಸಾರಾಸಗಟಾಗಿ ಹೇಳುವವರು ನಿಂಬೆಯ ಸಸಿಮಡಿಯನ್ನು ನೋಡಬೇಕು. ಇನ್ನೊಂದು ನಂಬಿಕೆಯಂತೂ ಇನ್ನೂ ಹಟಮಾರಿ: ಕಸಿ ಕಟ್ಟಿದರೆ ಎರಡು ಗಿಡಗಳ ರಸ ಬೆರೆತು ಮೂರನೆಯ ಹಣ್ಣು ಹುಟ್ಟುತ್ತದಂತೆ. ಕಿತ್ತಳೆಯನ್ನು ದಾಳಿಂಬೆಗೆ ಕಸಿ ಮಾಡಿದರೆ ತೊಳೆ ಕೆಂಪಾಗುತ್ತದೆ ಎಂದು ಯುರೋಪಿನವರೂ ನಂಬಿದ್ದರು. ಕೆಂಪು ಬರುವುದು ಕಿತ್ತಳೆಯದೇ ಒಂದು ಜೀನ್ ಚಳಿಗೆ ಎಚ್ಚರಗೊಳ್ಳುವುದರಿಂದ. ಕಸಿಯಲ್ಲಿ ಬೇರಿನ ಭಾಗವಾಗುವ ಕೆಳಗಿನ ಗಿಡ, ಅಂದರೆ ಬೇರುಸಸಿ, ನೀರು, ಪೋಷಕಾಂಶ ಒದಗಿಸುತ್ತದೆ; ಗಿಡದ ಗಾತ್ರ, ಹಣ್ಣಿನ ಸಿಹಿ ತುಸು ಬದಲಾದೀತು, ತಳಿ ಬದಲಾಗದು.

ಫೋಲ್ಕಾಮರ್‌ನ ಹೆಸರು ಇಂದು ಉಳಿದಿರುವುದು ಇಂಥದೇ ಒಂದು ಬೇರುಸಸಿಯಲ್ಲಿ. ಫೋಲ್ಕಾಮರ್ ಲೆಮನ್ ಎಂಬುದು ಕಿತ್ತಳೆ ಮತ್ತು ಮಾದಲದ ಬೆರಕೆ. ನಮ್ಮ ತೋಟಗಳಲ್ಲಿ ಕಿತ್ತಳೆಗೆ ಬೇರುಸಸಿಯಾಗುವ ರಂಗಪುರ ನಿಂಬೆಯೂ ಅದೇ ಎರಡು ಮನೆತನದ್ದು. ಬೇರುಸಸಿಗೆ ಇವು ಒಗ್ಗಿದ್ದಕ್ಕೆ ಮೊಳೆತ ಸಸಿಗಳೆಲ್ಲ ಬಹುತೇಕ ಒಂದೇ ಅಚ್ಚಿನವು ಎಂಬುದೂ ಒಂದು ಕಾರಣ. ಚಕ್ಕೋತದಲ್ಲಿ ಹೀಗೆ ನಡೆಯುವುದಿಲ್ಲ: ಒಂದು ಬೀಜಕ್ಕೆ ಒಂದೇ ಭ್ರೂಣ, ಅದೂ ಅಪ್ಪ ಅಮ್ಮ ಇಬ್ಬರ ಪಾಲಿನದು. ದೇವನಹಳ್ಳಿ ಚಕ್ಕೋತದ ರುಚಿಯೇ ಬೇಕೆನ್ನುವವರು ಬೀಜ ಎತ್ತಿಡುವ ಬದಲು ಕಸಿ ಗಿಡವನ್ನೇ ಕೇಳಿ ತರಬೇಕು.