ಐಎಲ್-23 ತಡೆದರೆ ಗುಣ, ಐಎಲ್-17 ತಡೆದರೆ ಉಲ್ಬಣ: ಇದು ಹೇಗೆ?

ಕರುಳಿನಲ್ಲಿ ದೀರ್ಘಕಾಲ ಉರಿಯೂತ ಉಳಿಯುವ ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್ ಓದುವಾಗ ಕೋಶಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಕರುಳಿನ ಒಳಮೈಯಲ್ಲಿ ಒಂದೇ ಸಾಲಿನ ಎಪಿಥೀಲಿಯಲ್ ಕೋಶಗಳು, ಅವುಗಳ ಸಂದಿಯಲ್ಲಿ ಲಿಂಫೋಸೈಟ್‌ಗಳು, ಕೆಳಗಿನ ಲ್ಯಾಮಿನಾ ಪ್ರೊಪ್ರಿಯಾ ಪದರದಲ್ಲಿ ಮ್ಯಾಕ್ರೋಫೇಜ್, ಡೆಂಡ್ರೈಟಿಕ್ ಕೋಶ, ಟಿ ಕೋಶ, ಐಜಿಎ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶ, ಹೀಗೆ ರೋಗನಿರೋಧಕ ಕೋಶಗಳು. ಮ್ಯಾಕ್ರೋಫೇಜ್ ಬಗ್ಗೆ ಮಾತ್ರ ಒಂದು ಮಾತು: ರಕ್ತದಿಂದ ಬಂದ ಮೊನೊಸೈಟ್‌ಗಳು ಆರೋಗ್ಯವಂತ ಕರುಳಿನಲ್ಲಿ ಪಳಗಿ, ಬ್ಯಾಕ್ಟೀರಿಯಾಗಳನ್ನು ನುಂಗಿಯೂ ಉರಿಯೂತ ಎಬ್ಬಿಸದ ಮ್ಯಾಕ್ರೋಫೇಜ್‌ಗಳಾಗುತ್ತವೆ. ರೋಗದಲ್ಲಿ ಈ ಪಳಗುವಿಕೆ ಅರ್ಧಕ್ಕೇ ನಿಲ್ಲುತ್ತದೆ. ಟಿಎನ್‌ಎಫ್, ಐಎಲ್-1, ಐಎಲ್-23 (ಐಎಲ್ ಎಂದರೆ ಇಂಟರ್‌ಲ್ಯೂಕಿನ್) ಎಂಬ, ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಪ್ರೋಟೀನ್‌ಗಳನ್ನು ಸುರಿಸುವ ಕೋಶಗಳು ತುಂಬಿಕೊಳ್ಳುತ್ತವೆ.

ಕಗ್ಗಂಟು ಶುರುವಾಗುವುದು ಈ ಐಎಲ್-23ರಿಂದ. ಪಠ್ಯಗಳಲ್ಲಿ ಬಾಣಗಳು ಹೀಗಿರುತ್ತವೆ: ಐಎಲ್-23, ಅದರಿಂದ ಟಿಎಚ್17 ಎಂಬ ಬಗೆಯ ಟಿ ಕೋಶ, ಅದರಿಂದ ಐಎಲ್-17, ಅದರಿಂದ ಉರಿಯೂತ. ಸರಪಳಿ ಇಷ್ಟು ನೇರವಾಗಿದ್ದರೆ ಎಲ್ಲಿ ಕತ್ತರಿಸಿದರೂ ಫಲ ಒಂದೇ ಆಗಬೇಕು. ಚರ್ಮದ ಸೋರಿಯಾಸಿಸ್‌ನಲ್ಲಿ ಹಾಗೆಯೇ ಆಗುತ್ತದೆ, ಎರಡೂ ಬಗೆಯ ಔಷಧಗಳು ಕೆಲಸ ಮಾಡುತ್ತವೆ. ಕರುಳಿನಲ್ಲಿ ಹಾಗಾಗಲಿಲ್ಲ. ಐಎಲ್-17 ತಡೆಯುವ ಸೆಕುಕಿನುಮ್ಯಾಬ್ ಅನ್ನು ಕ್ರೋನ್ಸ್ ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗದ ವರದಿ 2012ರಲ್ಲಿ ಬಂತು. ಔಷಧದಿಂದ ಪ್ರಯೋಜನವಾಗಲಿಲ್ಲ, ಅಡ್ಡಪರಿಣಾಮಗಳು ಹೆಚ್ಚಿದವು, ಶಿಲೀಂಧ್ರದ ಸೋಂಕುಗಳೂ ಕಾಣಿಸಿಕೊಂಡವು. ಐಎಲ್-17ರ ಗ್ರಾಹಕವನ್ನೇ (ಕೋಶದ ಮೇಲೆ ಅದು ಅಂಟುವ ಜಾಗವನ್ನೇ) ಮುಚ್ಚುವ ಬ್ರೊಡಾಲುಮ್ಯಾಬ್‌ನ ಪ್ರಯೋಗವನ್ನು ರೋಗ ಉಲ್ಬಣಿಸಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು.

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ವಿಷಯದ ತಿರುಳೇ ಇದು. ಆ ಸರಪಳಿಯಲ್ಲಿ ಎರಡು ಬಾಣಗಳು ಬಿಟ್ಟುಹೋಗಿವೆ.

ಮೊದಲನೆಯದು, ಐಎಲ್-17 ಹುಟ್ಟಲು ಐಎಲ್-23 ಬೇಕೇ ಬೇಕೆಂದಿಲ್ಲ. ಕರುಳಿನ ಗಾಮಾ-ಡೆಲ್ಟಾ ಟಿ ಕೋಶಗಳು ಅದಿಲ್ಲದೆಯೂ ಐಎಲ್-17 ತಯಾರಿಸುತ್ತವೆ ಎಂದು 2015ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಈ ಐಎಲ್-17 ಹೋಗಿ ಎಪಿಥೀಲಿಯಲ್ ಕೋಶಗಳಿಗೆ ತಾಗುತ್ತದೆ. ಅಲ್ಲಿ ಪಕ್ಕಪಕ್ಕದ ಕೋಶಗಳನ್ನು ಬೆಸೆಯುವ ಒಕ್ಲೂಡಿನ್ ಪ್ರೋಟೀನ್ ಸರಿಯಾದ ಜಾಗದಲ್ಲಿ ಕೂರುವಂತೆ ನೋಡಿಕೊಳ್ಳುತ್ತದೆ, ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳನ್ನು ಬಿಡಿಸುತ್ತದೆ. ಇಲಿಗಳಿಗೆ ಡಿಎಸ್‌ಎಸ್ ಎಂಬ ರಾಸಾಯನಿಕವನ್ನು ನೀರಿನಲ್ಲಿ ಕುಡಿಸಿ ಕರುಳಿಗೆ ಗಾಯ ಮಾಡಿದಾಗ, ಐಎಲ್-17 ತಡೆದ ಇಲಿಗಳ ಕರುಳು ಹೆಚ್ಚು ಸೋರಿತು. ಸೋರಿದ ಕಡೆಯಿಂದ ಬ್ಯಾಕ್ಟೀರಿಯಾಗಳು ಒಳನುಗ್ಗಿದರೆ ಉರಿಯೂತ ಇನ್ನಷ್ಟು ಏರುವುದು ಸಹಜ. ಕ್ಯಾಂಡಿಡಾದಂಥ ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಡುವುದೂ ಐಎಲ್-17ರ ಕೆಲಸ. 2012ರ ಪ್ರಯೋಗದ ಶಿಲೀಂಧ್ರ ಸೋಂಕುಗಳಿಗೆ ಅರ್ಥ ಸಿಗುವುದು ಇಲ್ಲಿ.

ಎರಡನೆಯದು, ಐಎಲ್-23 ಮಾಡುವ ಹಾನಿಯೆಲ್ಲ ಐಎಲ್-17ರ ಮೂಲಕವೇ ನಡೆಯುವುದಿಲ್ಲ. ಟಿಎಚ್17 ಕೋಶಗಳು ಆರೋಗ್ಯವಂತ ಕರುಳಿನಲ್ಲೂ ಇವೆ, ಅವು ಶತ್ರುಗಳಲ್ಲ. ಐಎಲ್-23ರ ಒತ್ತಾಯ ಮುಂದುವರಿದಾಗ ಅದೇ ಕೋಶಗಳು ಇಂಟರ್‌ಫೆರಾನ್ ಗಾಮಾ, ಜಿಎಂ-ಸಿಎಸ್‌ಎಫ್ ಎಂಬ ಬೇರೆ ಸಂದೇಶ ಪ್ರೋಟೀನ್‌ಗಳನ್ನೂ ಸುರಿಸತೊಡಗುತ್ತವೆ. ಇವು ಮತ್ತಷ್ಟು ಮೊನೊಸೈಟ್, ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ.

ಈಗ ಎರಡನ್ನೂ ಸೇರಿಸಿ ನೋಡಿ. ಐಎಲ್-23 ತಡೆದರೆ ಕೆರಳಿಸುವ ಭಾಗ ಕಡಿಮೆಯಾಗುತ್ತದೆ, ಗೋಡೆ ಕಾಯುವ ಐಎಲ್-17 ಉಳಿಯುತ್ತದೆ. ಐಎಲ್-17 ತಡೆದರೆ ಗೋಡೆಯೇ ಸಡಿಲವಾಗುತ್ತದೆ, ಕೆರಳಿಸುವ ಭಾಗ ಹಾಗೆಯೇ ಇರುತ್ತದೆ. ಈ ಎರಡು ವಾಕ್ಯಗಳನ್ನು ನೋಡದೆ ಬರೆಯಲು ಬಂದರೆ ಉಳಿದದ್ದು ಸಲೀಸು.

ಔಷಧಗಳಿಗೆ ನನ್ನ ಅಚ್ಚುಮೆಚ್ಚಿನ ಸೂತ್ರ: ಪಿ40 ಇಬ್ಬರದು, ಪಿ19 ಒಬ್ಬರದು. ಪಿ40 ತುಣುಕು ಐಎಲ್-12 ಮತ್ತು ಐಎಲ್-23 ಎರಡರಲ್ಲೂ ಇದೆ. ಉಸ್ಟೆಕಿನುಮ್ಯಾಬ್ ಅದನ್ನು ಹಿಡಿಯುವುದರಿಂದ ಎರಡನ್ನೂ ತಡೆಯುತ್ತದೆ. ಪಿ19 ಐಎಲ್-23ರಲ್ಲಿದೆ, ಐಎಲ್-12ರಲ್ಲಿಲ್ಲ. ರಿಸಾಂಕಿಜುಮ್ಯಾಬ್, ಮಿರಿಕಿಜುಮ್ಯಾಬ್, ಗುಸೆಲ್ಕುಮ್ಯಾಬ್ ಹಿಡಿಯುವುದು ಅದನ್ನು. 2006ರಲ್ಲೇ ಐಎಲ್-23 ಗ್ರಾಹಕದ ಜೀನ್‌ನ ಒಂದು ಅಪರೂಪದ ರೂಪ ಕ್ರೋನ್ಸ್ ಕಾಯಿಲೆಯಿಂದ ರಕ್ಷಣೆ ಕೊಡುತ್ತದೆ ಎಂದು ಗೊತ್ತಾಗಿತ್ತು. ನಿಸರ್ಗವೇ ಮೊದಲು ಮಾಡಿಟ್ಟ ಪ್ರಯೋಗವದು.

ರೋಗಿಯ ಪಕ್ಕದಲ್ಲಿ ಇದರ ಬೆಲೆ ದೊಡ್ಡದು. ಸೋರಿಯಾಸಿಸ್‌ಗೋ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತಕ್ಕೋ ಐಎಲ್-17 ತಡೆಯುವ ಔಷಧ ಬರೆಯುವ ಮೊದಲು ಹಳೆಯ ಭೇದಿ, ಮಲದಲ್ಲಿ ರಕ್ತ, ತೂಕ ಇಳಿದದ್ದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇದ್ದದ್ದು, ಇವನ್ನೆಲ್ಲ ಕೇಳಬೇಕು. ಕರುಳಿನ ಕಾಯಿಲೆ ಇರುವವರ ಬೆನ್ನುಮೂಳೆಗೆ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ನಂಥ ಟಿಎನ್‌ಎಫ್ ಪ್ರತಿಕಾಯಗಳು ಒಗ್ಗುತ್ತವೆ. ಎಟನರ್ಸೆಪ್ಟ್ ಕೂಡ ಟಿಎನ್‌ಎಫ್ ತಡೆಯುತ್ತದೆ, ಆದರೆ ಅದು ಕೀಲುಗಳಿಗೆ ಸರಿ, ಕ್ರೋನ್ಸ್‌ಗೆ ಉಪಯೋಗವಿಲ್ಲ.